ಬಡಗಣ ಗೋಡೆಯ ಗೋಮುಖ

ಆ ನಿವೇಶನ ಮೊದಲು ಲಕ್ಷ್ಮಮ್ಮನ ಹುರುಳಿ ಹೊಲವಾಗಿತ್ತು. ಟ್ರಸ್ಟ್ ಬೋರ್ಡಿನವರು ಅಳೆದು, ಮೂಲೆಗೊಂದು ಕಲ್ಲು ನೆಟ್ಟು, ನಂಬರು ಬರೆದು, ಸುತ್ತಲ ಹೊಲಗಳನ್ನೆಲ್ಲ ಸೇರಿಸಿ ಜಯನಗರ ಎಂದು ಕರೆದ ಮೇಲೂ ಆಕೆಯ ಬಾಯಲ್ಲಿ ಅದು ಹುರುಳಿ ಹೊಲವೇ. ಹಾಗೆಂದು ಸಿಟ್ಟೇನೂ ಇರಲಿಲ್ಲ. ಭೂಮಿ ಶಿವನದು, ನಾವು ಅದರ ಮೇಲೆ ಒಂದಷ್ಟು ಕಾಲ ಓಡಾಡಿ ಹೋಗುವವರು ಎಂದು ಅವಳ ಅತ್ತೆ ಹೇಳುತ್ತಿದ್ದಳಂತೆ. ಲಕ್ಷ್ಮಮ್ಮ ಹಾಗೇ ಓಡಾಡಿಕೊಂಡಿದ್ದಳು. ಉಳಿದ ತುಂಡು ನೆಲದಲ್ಲಿ ಸೊಪ್ಪು ಬೆಳೆದು, ಹೊಸದಾಗಿ ಎದ್ದ ಮನೆಗಳಿಗೆ ಮಂಕರಿಯಲ್ಲಿ ಹೊತ್ತು ಮಾರುತ್ತಿದ್ದಳು.

ಹುರುಳಿ ಹೊಲದಲ್ಲಿ ಮನೆ ಕಟ್ಟಿಸಲು ಬಂದವನು ಕೊಟ್ರಪ್ಪ. ಕೊಟ್ಟೂರು ಕಡೆಯ ಲಿಂಗವಂತರ ಮನೆತನ; ಚಿಕ್ಕಪೇಟೆಯಲ್ಲಿ ಬಟ್ಟೆ ವ್ಯಾಪಾರ. ತಾಯಿ ಬಸವಲಿಂಗಮ್ಮ, ಹೆಂಡತಿ ಶಾಂತಾದೇವಿ, ಶಾಲೆಗೆ ಹೋಗುವ ಹೆಣ್ಣುಮಕ್ಕಳು. ಐವತ್ತೊಂಬತ್ತನೇ ಇಸವಿಯ ಯುಗಾದಿ ಕಳೆಯುವ ಹೊತ್ತಿಗೆ ಗೋಡೆ ಎದ್ದು ತಾರಸಿಯೂ ಆಗಿತ್ತು. ತಾರಸಿಯ ಮೇಲೆ ಗಾರೆ ಬಡಿದು ಇಳಿಜಾರು ಕೊಡುವ ಮೊದಲು ಒಂದು ಮಾತು ಇತ್ಯರ್ಥವಾಗಬೇಕಿತ್ತು: ಮಳೆಯ ನೀರು ಎಲ್ಲಿ ಇಳಿಯಬೇಕು, ಹೇಗೆ ಇಳಿಯಬೇಕು.

ಮೇಸ್ತ್ರಿ ತಿಮ್ಮರಾಯಪ್ಪ ಲಕ್ಷ್ಮಮ್ಮನ ಊರಿನವನೇ. ಮರಳಿನ ಗುಡ್ಡೆಯನ್ನು ಅಂಗೈಯಲ್ಲಿ ಸಮ ಮಾಡಿ ಕಡ್ಡಿಯಿಂದ ಮನೆಯ ಚೌಕ ಎಳೆದ.

“ಎರಡು ಮೂಲೆಗೆ ಎರಡು ಪೈಪು ಇಳಿಸಾಣ ಯಜಮಾನ್ರೆ. ಮುಂದ್ಗಡೆ ಹೆಂಚಿನ ಪಡಸಾಲೆಗೆ ಸೂರಿನುದ್ದಕ್ಕೂ ತಗಡಿನ ದೋಣಿ ಕಟ್ಟಿ, ಅದರ ನೀರನ್ನೂ ಅದೇ ಪೈಪಿಗೆ ಸೇರಿಸ್ತೀನಿ. ಗೋಡೆ ನೆನೆಯಾಕಿಲ್ಲ, ಪಾಯದ ಮಣ್ಣು ಕೊಚ್ಚಾಕಿಲ್ಲ.”

“ಇಲ್ಲಿ ನೀರು ವಾಲೋದು ಯಾವ ಕಡೆಗೆ ಮೇಸ್ತ್ರಿ?”

“ಅದನ್ನ ನನ್ನ ಕೇಳಬ್ಯಾಡಿ. ಅಗೋ ಮಂಕರಿ ಹೊತ್ಕೊಂಡು ನಿಂತವಳಲ್ಲ, ಹೊಲದ ಒಡತಿ, ಅವಳ್ನ ಕೇಳಿ.”

ಯಾರೂ ಕೇಳುವ ಮೊದಲೇ ಲಕ್ಷ್ಮಮ್ಮ ಹೇಳಿದಳು: “ಬಡಗಲಿಗೆ. ಇಲ್ಲಿ ಬಿದ್ದ ಹನಿಹನಿನೂ ಬಡಗಲಿಗೇ ಓಡ್ತಿತ್ತು. ನಮ್ಮ ಮಾವನೋರು ಬದು ಹಾಕಿ ಹಾಕಿ ಸೋತ್ರು. ನಿಮ್ಮ ಗೋಡೆಗೆ ಹೆದರಿ ತೆಂಕಲಿಗೆ ತಿರುಗ್ತದಾ?”

ಬಸವಲಿಂಗಮ್ಮ ಇಟ್ಟಿಗೆಯ ರಾಶಿಯ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು.

“ಪೈಪು ಅಂದ್ರ ನೀರು ಕಣ್ಣಿಗೆ ಬೀಳಂಗಿಲ್ಲೇನಪ್ಪಾ?”

“ಇಲ್ಲ ತಾಯಿ. ಮ್ಯಾಲಿಂದ ಒಳಗೊಳಗೇ ಇಳಿದು ಮೋರಿಗೆ ಹೋಯ್ತದೆ.”

“ಸಪ್ಪಳ?”

“ಸದ್ದೂ ಅಷ್ಟೇಯ.”

“ಹಂಗಾರ ಮಳಿ ಬಂತು ಅಂತ ನನಗ ಯಾರು ಹೇಳಬೇಕು? ಅಂಚೆಯವ ಬಂದು ಹೇಳ್ತಾನೇನು?”

ತಿಮ್ಮರಾಯಪ್ಪ ನಕ್ಕ. ಕೊಟ್ರಪ್ಪ ನಗಲಿಲ್ಲ, ತಾಯಿ ಯಾವುದನ್ನು ನೆನೆದು ಆ ಮಾತು ಆಡಿದಳೆಂದು ಅವನಿಗೆ ಗೊತ್ತಿತ್ತು. ಅವರ ಊರಿನಲ್ಲಿ ಮಣ್ಣಿನ ಮಾಳಿಗೆಯ ಮನೆಗಳು. ಮಾಳಿಗೆಯ ಅಂಚಿಗೆ ಮರದ ದೋಣಿ. ವರ್ಷದಲ್ಲಿ ಮಳೆ ಬರುವುದೇ ಅಪರೂಪ. ಬಂದಾಗ ದೋಣಿಯ ಬಾಯಿಂದ ನೀರು ಅಂಗಳಕ್ಕೆ ಧುಮುಕುವ ಸಪ್ಪಳ ಎದ್ದರೆ ಓಣಿಯಲ್ಲಿದ್ದವರೆಲ್ಲ ಕೊಡ, ಹಂಡೆ, ಗಂಗಾಳ ಹಿಡಿದು ಹೊರಗೆ ಬರುತ್ತಿದ್ದರು. ಬಸವಲಿಂಗಮ್ಮ ಮದುವೆಯಾಗಿ ಬಂದ ವರ್ಷ ಆ ಸಪ್ಪಳ ಒಂದು ಸಲವೂ ಕೇಳಲಿಲ್ಲವಂತೆ. ಮರುವರ್ಷ ಕೇಳಿದಾಗ ಅವಳ ಅತ್ತೆ ದೋಣಿಗೆ ಅರಿಸಿನ ಹಚ್ಚಿ ಕೈಮುಗಿದಿದ್ದಳು.

ತಾಯಿಯ ಮಾತನ್ನು ತೆಗೆದುಹಾಕುವವನಲ್ಲ ಕೊಟ್ರಪ್ಪ. ಅದಕ್ಕೆ ತನ್ನದೂ ಒಂದಿಷ್ಟು ಸೇರಿಸದೆ ಬಿಡುವವನೂ ಅಲ್ಲ. ನೀರು ಹೇಗೂ ಬಡಗಲಿಗೇ ಹೋಗಬೇಕು, ಸಪ್ಪಳವೂ ಆಗಬೇಕು. ಅಂದಮೇಲೆ ಶಿವನ ಗುಡಿಯಲ್ಲಿ ಇರುವಂತೆ ಕಲ್ಲಿನ ಗೋಮುಖವನ್ನೇ ಯಾಕೆ ಇಡಬಾರದು ಎಂದು ಅವನಿಗೆ ಹೊಳೆಯಿತು. ಹೊಳೆದದ್ದು ಬಹಳ ಹಿಡಿಸಿತು. ಕಲ್ಲುಕುಟಿಗರಿಗೆ ಹೇಳಿ ಹಸುವಿನ ಮುಖ ಕಡೆಸಿದ. ಅರೆಮುಚ್ಚಿದ ಕಣ್ಣು, ಚಿಕ್ಕ ಕೋಡು, ತೆರೆದ ಬಾಯಿ.

“ಗುಡಿಗೆ ಇಟ್ಟಂಗೆ ಆಯ್ತದಲ್ಲ ಯಜಮಾನ್ರೆ?” ಅಂದ ತಿಮ್ಮರಾಯಪ್ಪ.

“ಮನೆ ಅನ್ನೋದು ಗುಡಿಗಿಂತ ಕಡಿಮೇನಾ ಮೇಸ್ತ್ರಿ?”

“ಅಂಗೂ ಸರಿಯೇ. ನಿಮ್ಮನೆ, ನಿಮ್ಮ ಗುಡಿ.”

ತಾರಸಿಯನ್ನು ಬಡಗಲಿಗೆ ವಾಲಿಸಿ ಗಾರೆ ಬಡಿದರು. ಪಡಸಾಲೆಯ ತಗಡಿನ ದೋಣಿಯ ನೀರು ಮುಂದಿನ ಮೋರಿಗೆ ಹೋಯಿತು. ತಾರಸಿಯ ನೀರೆಲ್ಲ ಗೋಮುಖಕ್ಕೆ. ಗೋಡೆಯಿಂದ ಮೊಳದುದ್ದ ಚಾಚಿದ ಹಸುವಿನ ಮುಖ ಬಡಗಣ ಓಣಿಯ ನಟ್ಟನಡುವೆ ನೀರು ಬಿಡುವಂತಿತ್ತು. ಬಿದ್ದ ಕಡೆಯಿಂದ ಒಂದು ಸಣ್ಣ ಕಾಲುವೆ ಓಣಿಗೆ ಅಡ್ಡಲಾಗಿ ಹೋಗಿ ಕಾಂಪೌಂಡ್ ಗೋಡೆಯ ಕಿಂಡಿಯಿಂದ ಹೊರಗೆ. ಕೆಲಸ ಮುಗಿದ ದಿನ ಬಸವಲಿಂಗಮ್ಮ ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ ಒಂದು ಕೊಡ ನೀರು ಸುರಿದಳು. ನೀರು ಅತ್ತಿತ್ತ ನೋಡದೆ ಬಡಗಲಿಗೆ ಹರಿದು ಗೋಮುಖದಿಂದ ಧುಮುಕಿತು.

“ಹೌದೇ ಹೌದು, ಅದೇ ಸಪ್ಪಳ” ಅಂದಳು ಮುದುಕಿ. ಕೊಟ್ರಪ್ಪನಿಗೆ ಮನೆ ಕಟ್ಟಿಸಿದ್ದು ಸಾರ್ಥಕವಾಯಿತು ಅನ್ನಿಸಿತು.

ಆ ಓಣಿಯನ್ನು ಕುರಿತು ಇಲ್ಲಿ ಹೇಳಬೇಕು. ಗೇಟಿನಿಂದ ಹಿತ್ತಲಿಗೆ ಹೋಗಲು ಇದ್ದದ್ದು ಅದೊಂದೇ ದಾರಿ. ತೆಂಕಣ ಕಡೆ ಬಚ್ಚಲು, ಸೌದೆ ಕೋಣೆ ಬಂದು ಕಾಂಪೌಂಡಿಗೆ ಸೇರಿಕೊಂಡಿದ್ದವು. ಹಿತ್ತಲಲ್ಲಿ ಸಣ್ಣ ಮಾಡಿನ ಅಡಿ ಒಂದು ಜಗುಲಿ, ಅದರ ಮೇಲೆ ಹೊಂಗೆ ಮರದ ನೆರಳು. ಅಲ್ಲಿ ಬಸವಲಿಂಗಮ್ಮನ ದಿನ ಹೋಗುತ್ತಿತ್ತು.

ಅವಳಿಗೆ ಆ ಬಡಾವಣೆಯಲ್ಲಿ ಮಾತಿಗೆ ಸಿಕ್ಕವಳು ಲಕ್ಷ್ಮಮ್ಮ ಒಬ್ಬಳೇ. ಮಗ ಬೆಳಿಗ್ಗೆ ಸೈಕಲ್ಲು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಸೊಸೆ ಒಳ್ಳೆಯವಳು, ಆದರೆ ಕೆಲಸದ ನಡುವೆ ಮಾತು ಒಲ್ಲದವಳು. ಎಡಗಡೆ ಮನೆಯವರು ತಮಿಳರು, ಬಲಗಡೆಯವರು ಕನ್ನಡದವರೇ, ಆದರೆ ಮುದುಕಿ ಬಾಯಿ ತೆರೆದರೆ “ಏನಂದ್ರಿ?” ಎಂದು ಮತ್ತೆ ಮತ್ತೆ ಕೇಳುವವರು. ಲಕ್ಷ್ಮಮ್ಮನಿಗೂ ಆ ಮಾತು ಪೂರಾ ತಿಳಿಯುತ್ತಿರಲಿಲ್ಲ. ಅವಳು ಕೇಳುತ್ತಿರಲಿಲ್ಲ, ನಗುತ್ತಿದ್ದಳು.

“ನಿಮ್ಮೂರ ಮಾತು ಜೋಳದ ರೊಟ್ಟಿ ಇದ್ದಂಗೆ ಕಣಕ್ಕಯ್ಯ. ಪಟಪಟ ತಟ್ಟಿದ್ದು ಕೇಳಿಸ್ತದೆ, ನುಂಗಕ್ಕೆ ಮಾತ್ರ ನೀರು ಬೇಕು.”

“ನಿಮ್ಮದು ರಾಗಿಮುದ್ದಿ. ಅಗಿಯೋದ ಬ್ಯಾಡ, ಹಂಗ ಇಳೀತೈತಿ. ಹೊಟ್ಟಿಗೆ ಹೋದ ಮ್ಯಾಲೆ ಏನು ತಿಂದೆ ಅಂತ ನೆನಪಿರಂಗಿಲ್ಲ.”

ಲಕ್ಷ್ಮಮ್ಮ ಸೊಪ್ಪು ಮಾರಿ ಮುಗಿಸಿ, ಬಡಗಣ ಓಣಿಯಿಂದ ಹಿತ್ತಲಿಗೆ ಬಂದು, ಖಾಲಿ ಮಂಕರಿ ಬೋರಲು ಹಾಕಿ ಜಗುಲಿಯಲ್ಲಿ ಕೂರುತ್ತಿದ್ದಳು. ಎಲೆ ಅಡಿಕೆ ನಡುವೆ ಸೊಸೆಯರ ಸಮಾಚಾರ, ಸತ್ತವರ ಸಮಾಚಾರ, ದೇವರ ಸಮಾಚಾರ. ಬಿಸಿಲು ಜಗುಲಿಗೆ ಬಂದಾಗ ಎದ್ದು ಹೋಗುತ್ತಿದ್ದಳು. ಬಸವಲಿಂಗಮ್ಮ ಮರುದಿನದ ವರೆಗೆ ಅದನ್ನೇ ಮೆಲುಕು ಹಾಕುತ್ತಿದ್ದಳು.

ಗೃಹಪ್ರವೇಶವಾಗಿ ಕೆಲವು ವಾರ ಕಳೆದು ರೋಹಿಣಿ ಮಳೆ ಹುಟ್ಟಿತು. ಮೊದಲ ದೊಡ್ಡ ಮಳೆ ಸಂಜೆಯಲ್ಲಿ ಬಂದು ಗೋಮುಖದಿಂದ ನೀರು ಕಂಬದಂತೆ ಇಳಿಯಿತು. ಬಸವಲಿಂಗಮ್ಮ ಜಗುಲಿಯ ತುದಿಯಲ್ಲಿ ನಿಂತು, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು ನೋಡಿದಳು. ಮೊಮ್ಮಕ್ಕಳು ನೆನೆದು ಬೈಸಿಕೊಂಡರು.

ಮರುದಿನ ಲಕ್ಷ್ಮಮ್ಮ ಬಂದಾಗ ಕಾಲುವೆಯಲ್ಲಿ ಇನ್ನೂ ಒಂದೆಳೆ ನೀರು ಹರಿಯುತ್ತಿತ್ತು. ಕಣ್ಣು ಬೀಳದಿರಲೆಂದು ಮಳೆಗಾಲದ ವರೆಗೆ ಗೋಮುಖಕ್ಕೆ ಗೋಣಿತಾಟು ಸುತ್ತಿ ಇಟ್ಟಿದ್ದರು. ಅದನ್ನು ಬಿಚ್ಚಿದ ಹೊತ್ತಿನಲ್ಲಿ ಆಕೆ ಅಳಿಯನ ಮನೆಗೆ ಹೋಗಿದ್ದವಳು ಅಂದೇ ಬಂದಿದ್ದಳು. ಓಣಿಯಲ್ಲಿ ಅರ್ಧ ದಾರಿ ಬಂದವಳು ನಿಂತಳು. ಮೇಲೆ ನೋಡಿದಳು. ಮಂಕರಿ ಇಳಿಸಿ, ಬಗ್ಗಿ, ನೀರನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ತಲೆಗೆ ಪ್ರೋಕ್ಷಿಸಿಕೊಂಡಳು. ಅಲ್ಲಿಂದಲೇ ಕೂಗಿದಳು:

“ಅಕ್ಕಯ್ಯಾ, ಇತ್ಲಾಗೆ ಬನ್ನಿ.”

“ನೀನ ಬಾರವ್ವಾ ಲಕ್ಷ್ಮವ್ವಾ. ಎಲಿ ತೊಳದಿಟ್ಟೀನಿ.”

“ಹೆಂಗೆ ಬರ್ಲಿ? ಗೋಮುಖದ ನೀರು ದಾಟ್ತಾರಾ ಯಾರಾದ್ರೂ?”

ಬಸವಲಿಂಗಮ್ಮ ಎದ್ದು ಬಂದು ಕಾಲುವೆಯ ಈಚೆ ನಿಂತಳು. ಲಕ್ಷ್ಮಮ್ಮ ಆಚೆ.

“ಬೇಗೂರು ನನ್ನ ತವರು” ಅಂದಳು ಲಕ್ಷ್ಮಮ್ಮ. “ನಾಗೇಶ್ವರನ ಗುಡಿ ಸುತ್ತಿಕೊಂಡೇ ಬೆಳೆದೋಳು ನಾನು. ಶಿವನ ಪೂರಾ ಸುತ್ತಬಾರದು, ಗೋಮುಖದ ತಾವ ಬಂದು ಹಿಂದಕ್ಕೆ ತಿರುಗಬೇಕು. ಅಭಿಷೇಕದ ನೀರು ತುಳಿದ್ರೆ, ದಾಟಿದ್ರೆ, ಪಾಪ ಯಾವ ಕಡೆಯಿಂದ ಬತ್ತದೋ ಯಾರಿಗೆ ಗೊತ್ತು?”

ಬಸವಲಿಂಗಮ್ಮ ಕೆಳಗೆ ನೀರಿನ ಎಳೆಯನ್ನು ನೋಡಿದಳು. ಆ ಮಾತು ಕಿವಿಗೆ ಬಿದ್ದ ಮೇಲೆ ಅವಳ ಕಾಲೂ ಮುಂದೆ ಬರಲಿಲ್ಲ.

ಸಂಜೆ ಕೊಟ್ರಪ್ಪ ಇದನ್ನು ಕೇಳಿ ನಕ್ಕ. ಮರುದಿನ ಅಂಗಡಿಗೆ ಹೊರಡುವುದನ್ನು ತಡಮಾಡಿ ಲಕ್ಷ್ಮಮ್ಮನಿಗಾಗಿ ಗೇಟಿನಲ್ಲಿ ಕಾದ.

“ಲಕ್ಷ್ಮಮ್ಮನೋರೆ, ಅದು ಬರೀ ತಾರಸಿ ನೀರು. ಕಾಗೆ ಕೂತಿರುತ್ತೆ, ಮೆಣಸಿನಕಾಯಿ ಒಣಗಿಸಿರ್ತಾರೆ. ಮೇಲೆ ಲಿಂಗ ಇದ್ದರೆ ತಾನೆ ಅಭಿಷೇಕ?”

“ಮ್ಯಾಲೆ ಇಲ್ಲ ಸರಿ. ಒಳಗೆ ಇಲ್ವಾ?”

“ಒಳಗೆ?”

“ನಿಮ್ಮ ಕೊರಳಲ್ಲೇನೈತೆ ಸ್ವಾಮಿ? ನಿಮ್ಮ ತಾಯಿ ಕೊರಳಲ್ಲಿ? ಮನೆ ಮಂದಿಯೆಲ್ಲ ಲಿಂಗ ಕಟ್ಕೊಂಡು ಅದೇ ಸೂರಿನ ಕೆಳಗೆ ಕೂತು ಪೂಜೆ ಮಾಡ್ತೀರಿ. ಆ ಸೂರಿನ ಮ್ಯಾಲೆ ಮ್ಯಾಗಿಂದ ನೀರು ಸುರಿಯೋನು ಯಾರು? ಅವನು ಸುರಿದಿದ್ದು ಅಭಿಷೇಕ ಅಲ್ದೆ ಇನ್ನೇನು? ಬಡಗಲಿಗೆ ಗೋಮುಖ ಬ್ಯಾರೆ ಇಟ್ಟಿದ್ದೀರಿ. ನಾನು ಇಟ್ನಾ?”

ಕೊಟ್ರಪ್ಪನಿಗೆ ತಾನು ಮೇಸ್ತ್ರಿಗೆ ಆಡಿದ ಮಾತೇ ನೆನಪಾಯಿತು. ಮನೆ ಗುಡಿಗಿಂತ ಕಡಿಮೆಯೇನಲ್ಲ ಎಂದವನು ಈಗ ಕಡಿಮೆ ಎಂದು ಹೇಗೆ ಹೇಳುವುದು? “ಹಾಗಾದರೆ ಮುಂಬಾಗಿಲಿಂದ ಬನ್ನಿ” ಅಂದ.

“ಮಂಕರಿ ಹೊತ್ಕೊಂಡು, ಕೆಸರು ಕಾಲಲ್ಲಿ ನಿಮ್ಮ ಪಡಸಾಲೆ, ನಡುಮನೆ ಎಲ್ಲ ಹಾಯ್ದು ಹಿತ್ತಲಿಗೆ ಹೋಗಕ್ಕೆ ನಾನೇನು ಉತ್ಸವಮೂರ್ತಿನಾ? ಬ್ಯಾಡ ಬಿಡಿ.”

“ನೀರು ಒಣಗಿದ ಮೇಲೆ ದಾಟಬಹುದಲ್ಲ?”

“ಒಣಗಿದ್ರೇನು, ಹಾದಿ ಅವನದೇ ಅಲ್ವಾ?”

ಅಂದಿನಿಂದ ಇಬ್ಬರೂ ಕಾಲುವೆಯ ಆಚೆ ಈಚೆ ಕೂತು ಮಾತಾಡತೊಡಗಿದರು. ಲಕ್ಷ್ಮಮ್ಮ ಆಚೆ ಮಂಕರಿ ಬೋರಲು ಹಾಕಿ ಕೂತರೆ ಬಸವಲಿಂಗಮ್ಮ ಈಚೆ ಮಣೆ ತಂದು ಕೂರುತ್ತಿದ್ದಳು. ಎಲೆ ಅಡಿಕೆ ನೀರಿನ ಮೇಲಿಂದ ಕೈ ಚಾಚಿ ಕೊಡುವುದೂ ಸರಿಯಲ್ಲವೆಂದು ಲಕ್ಷ್ಮಮ್ಮ ತನ್ನದು ತಾನೇ ತಂದುಕೊಳ್ಳುತ್ತಿದ್ದಳು. ಮಳೆ ಬರುವಾಗ ಇಬ್ಬರೂ ತಲೆಗೆ ಗೋಣಿ ಹೊದ್ದು ಇನ್ನಷ್ಟು ಹಿಂದೆ ಸರಿಯಬೇಕು. ನೀರಿನ ಸದ್ದಿನಲ್ಲಿ ಕೂಗಬೇಕು. ಕೂಗಿ ಹೇಳುವ ಮಾತು ಬೇರೆ, ಪಿಸುಗುಟ್ಟುವ ಮಾತು ಬೇರೆ. ಸೊಸೆಯ ಸಮಾಚಾರವನ್ನು ಯಾರು ಕೂಗಿ ಹೇಳುತ್ತಾರೆ? ಒಂದು ದಿನ ಲಕ್ಷ್ಮಮ್ಮ ತನ್ನ ಸೊಸೆ ಮೂರು ಹೊತ್ತೂ ತವರಿನ ಕಡೆ ಮುಖ ಮಾಡಿರುತ್ತಾಳೆ ಎಂದು ಕೂಗಿದಳು. ತಮಿಳರ ಮನೆಯ ಕಿಟಕಿ ತೆರೆಯಿತು. ಆಮೇಲೆ ಇಬ್ಬರೂ ಮಳೆ, ಸೊಪ್ಪು, ಮೊಣಕಾಲು ನೋವು ಇಷ್ಟನ್ನೇ ಆಡಿದರು.

ಬಸವಲಿಂಗಮ್ಮನಿಗೆ ಒಂದು ಸಂಗತಿ ಮೊದಲ ದಿನದಿಂದಲೇ ಗೊತ್ತಿತ್ತು. ಅವಳು ಬಾಯಿ ಬಿಟ್ಟಿರಲಿಲ್ಲ. ಅವಳ ಊರಿನ ಕಲ್ಲೇಶ್ವರನ ಗುಡಿಗೆ ಸುಣ್ಣ ಬಳಿಯುವ ಕಾಲಕ್ಕೆ ಆಳುಗಳು ಗೋಡೆಯ ಸುತ್ತ ಓಡಾಡಲೇಬೇಕಲ್ಲ. ಆಗ ಪೂಜಾರಿ ಗೋಮುಖದ ಕಾಲುವೆಯ ಮೇಲೆ ಮುತ್ತುಗದ ಎಲೆ ಹಾಸಿ, ಎಲೆಯ ಮೇಲೆ ಕಲ್ಲು ಮುಚ್ಚಿ, “ಇನ್ನು ದಾಟ್ರಿ, ದೋಷವಿಲ್ಲ” ಅನ್ನುತ್ತಿದ್ದ. ಹುಲ್ಲೋ ಎಲೆಯೋ ಕಲ್ಲೋ, ನೀರು ಮರೆಯಾದರೆ ಸಾಕು. ಇದನ್ನು ಮಗನಿಗೆ ಹೇಳಿದರೆ ಅವನು ಕಾಲುವೆಗೆ ಚಪ್ಪಡಿ ಮುಚ್ಚಿಸಿ ಅಲ್ಲಿಗೇ ನಿಲ್ಲುವವನಲ್ಲ. ಮೇಲಿಂದ ಬಿದ್ದ ನೀರು ಚಪ್ಪಡಿಯ ಮೇಲೆಯೇ ಹರಿಯುತ್ತದೆ. ಗೋಮುಖದ ಬಾಯಿಂದ ನೆಲದೊಳಗಿನ ತನಕ ಕೊಳವೆ ಇಳಿಸಬೇಕಾಗುತ್ತದೆ. ಆಗ ಆ ಸಪ್ಪಳ ಹೋಯಿತು. ಲಕ್ಷ್ಮಮ್ಮ ಹೇಗೂ ಬರುತ್ತಾಳಲ್ಲ, ಆಚೆಯಾದರೇನು, ಈಚೆಯಾದರೇನು ಎಂದು ಮುದುಕಿ ಸುಮ್ಮನಿದ್ದಳು. ಎರಡೂ ಇರಲಿ ಎಂದು ಬಯಸುವುದು ಮನುಷ್ಯರಿಗೆ ಸಹಜ.

ಮೃಗಶಿರೆ, ಆರಿದ್ರೆ ಹೀಗೇ ಹೋದವು. ಲಕ್ಷ್ಮಮ್ಮ ಕೂರುವ ಹೊತ್ತು ಕಡಿಮೆಯಾಯಿತು. ಮೊದಲು ಬಿಸಿಲು ಜಗುಲಿಗೆ ಬರುವ ತನಕ ಇರುತ್ತಿದ್ದವಳು, ಆಮೇಲೆ ನಿಂತೇ ಎರಡು ಮಾತಾಡಿ ಹೊರಡತೊಡಗಿದಳು. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಗಂಟಲು ತಡವಿಕೊಂಡು ಹೇಳಿದಳು:

“ಅಕ್ಕಯ್ಯ, ಕೂಗಿ ಕೂಗಿ ಗಂಟಲು ಹುಣ್ಣಾಯ್ತು. ನನ್ನ ಮಗ ಬೋರಣ್ಣ ಮಡಿವಾಳದ ಕಡೆ ಸೊಪ್ಪು ಹಾಕು ಅಂತಾವ್ನೆ. ಇನ್ನು ಆ ಕಡೆ ಹೋಯ್ತೀನಿ.”

“ಈ ಕಡಿ ಬರಂಗಿಲ್ಲೇನು?”

“ಬತ್ತೀನಿ. ಯಾವಾಗಾರ ಬತ್ತೀನಿ.”

ಬರಲಿಲ್ಲ. ಶಾಂತಾದೇವಿ ಬೇರೊಬ್ಬಳ ಹತ್ತಿರ ಸೊಪ್ಪು ಕೊಂಡಳು. ಅವಳು ಗೇಟಿನಲ್ಲೇ ಕೊಟ್ಟು ಹೋಗುವವಳು. ಬಸವಲಿಂಗಮ್ಮ ಎಲೆ ತೊಳೆದಿಡುವುದನ್ನು ಮಾತ್ರ ಬಿಡಲಿಲ್ಲ. ಸಂಜೆಗೆ ಅವು ಬಾಡಿರುತ್ತಿದ್ದವು.

ಉತ್ತರೆ ಮಳೆ ಹಗಲಿನಲ್ಲಿ ಬಂತು. ಮನೆಯಲ್ಲಿ ಅವಳೊಬ್ಬಳೇ. ಗೋಮುಖ ತುಂಬಿ ಸುರಿಯಿತು. ಸಪ್ಪಳ ಓಣಿಯನ್ನೆಲ್ಲ ತುಂಬಿತು. ಅಷ್ಟು ಜೋರಾಗಿ ಅದು ಹಿಂದೆ ಬಿದ್ದಿರಲಿಲ್ಲ. ಬಸವಲಿಂಗಮ್ಮ ಕಣ್ಣು ಮುಚ್ಚಿ ಕೇಳಿದಳು. ಏನೋ ಕಡಿಮೆಯಾಗಿತ್ತು. ಒಳಗೆ ಹೋಗಿ ಹಿತ್ತಾಳೆಯ ಹಂಡೆ ತಂದು ನೀರಿನ ಕೆಳಗೆ ಇಟ್ಟಳು. ಹಂಡೆ ಗಣಗಣ ಎಂದು ತುಂಬಿ ಹೊರಚೆಲ್ಲಿತು. ಆದರೂ ಅದು ಆ ಸಪ್ಪಳವಾಗಲಿಲ್ಲ. “ಏ ಬಸಮ್ಮಾ, ನಿಮ್ಮ ದೋಣಿ ಬಂತೇನ?” ಎಂದು ಆಚೆ ಮನೆಯ ಮಾಳಿಗೆಯಿಂದ ಕೂಗುವವರು ಇಲ್ಲಿರಲಿಲ್ಲ. ಅವಳು ಮಳೆ ನಿಲ್ಲುವ ತನಕ ಅಲ್ಲೇ ಕೂತಿದ್ದಳು.

ಸಂಜೆ ಕೊಟ್ರಪ್ಪ ಸೈಕಲ್ಲು ಒಳಗಿಡುತ್ತಿದ್ದಂತೆ ಅವಳು ಹೇಳಿದಳು: “ಅದಕ್ಕ ಪೈಪು ಹಾಕಸಪ್ಪಾ.”

“ಯಾವುದಕ್ಕವ್ವ?”

“ಗೋಮುಖಕ್ಕ. ಬಾಯಿಂದ ನೆಲದೊಳಗಿನ ತನಕ. ಕಾಲುವಿ ಮ್ಯಾಲೆ ಚಪ್ಪಡಿ ಮುಚ್ಚಸು. ನೀರು ಮರಿ ಆದ್ರ ದಾಟಾಕ ದೋಷ ಇಲ್ಲ.” ಕಲ್ಲೇಶ್ವರನ ಗುಡಿಯ ಎಲೆಯ ಸಂಗತಿ ಹೇಳಿದಳು.

“ಇದನ್ನ ಮೊದಲೇ ಹೇಳಬಾರದಿತ್ತಾ?”

“ಮೊದಲ ನನಗ ಸಪ್ಪಳ ಬೇಕಾಗಿತ್ತು.”

ಅವನು ಗೋಮುಖದ ಕಡೆ ನೋಡಿದ. ಹೋದವರು ಬಂದವರಿಗೆಲ್ಲ ಕರೆದು ತೋರಿಸಿದ ಕಲ್ಲು ಅದು. “ಅದರ ಮುಖ ಮುಚ್ಚಿಹೋಗುತ್ತೆ ಅವ್ವ.”

“ಬಾಯಿ ಅಷ್ಟ ಮುಚ್ಚು. ಕಣ್ಣು ಕಿವಿ ಇರಲಿ. ನೋಡಾಕ, ಕೇಳಾಕ ಅಡ್ಡಿ ಇಲ್ಲ.”

ತಿಮ್ಮರಾಯಪ್ಪ ಬಂದು ಮೇಲೆ ನೋಡಿ, ಕೆಳಗೆ ನೋಡಿ, ಬೀಡಿ ಕಿವಿಗೆ ಸಿಕ್ಕಿಸಿಕೊಂಡ. “ಆವತ್ತೇ ಪೈಪು ಅಂದೆ ಯಜಮಾನ್ರೆ. ನನ್ನ ಮಾತು ರುಚಿಸಲಿಲ್ಲ.”

“ಆಯ್ತಪ್ಪ, ಈಗ ರುಚಿಸಿತು. ಕೆಲಸ ನೋಡು.”

ಹಸುವಿನ ಬಾಯಿಗೆ ತಗಡಿನ ಆಲಿಕೆ ಕೂರಿಸಿ, ಅದಕ್ಕೆ ಎರಕದ ಕೊಳವೆ ಜೋಡಿಸಿ, ಗೋಡೆಗೆ ತಾಗಿಸಿ ಓರೆಯಾಗಿ ಹಿತ್ತಲಿಗೆ ಇಳಿಸಿ ಜಗುಲಿಯ ಮಗ್ಗುಲಲ್ಲೇ ನೆಲದೊಳಗೆ ಬಿಟ್ಟರು. ಅಲ್ಲಿಂದ ನೀರು ನೆಲದಡಿಯಲ್ಲೇ ಹಳೆಯ ಕಾಲುವೆಗೆ ಸೇರಿ, ಚಪ್ಪಡಿಯ ಅಡಿಯಲ್ಲಿ ಹೊರಗೆ. ಮುಗಿಸಿ ಕೆಳಗಿಳಿದ ತಿಮ್ಮರಾಯಪ್ಪ ಸೊಂಟದ ಮೇಲೆ ಕೈಯಿಟ್ಟು ನೋಡಿದ.

“ರೋಗ ಬಂದ ಹಸೂಗೆ ಬಿದಿರ ಗೊಟ್ಟ ಹಾಕಿ ಔಷಧ ಕುಡಿಸ್ದಂಗೈತೆ.”

ಶಾಂತಾದೇವಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಕೊಟ್ರಪ್ಪ ಒಳಗೆ ಹೋದ.

ಬಸವಲಿಂಗಮ್ಮ ಮೇಸ್ತ್ರಿಯ ಕೈಯಲ್ಲಿ ಹೇಳಿಕಳಿಸಿದಳು. ಎರಡು ದಿನ ಕಳೆದು ಲಕ್ಷ್ಮಮ್ಮ ಬಂದಳು; ಮಂಕರಿ ಇರಲಿಲ್ಲ. ಓಣಿಯಲ್ಲಿ ಹಿಂದೆ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು.

“ಎಲೆ ಸಂಗತಿ ತಿಮ್ಮರಾಯ ಹೇಳ್ದ. ನಿಮ್ಮೂರ ಪೂಜಾರಪ್ಪ ಹೇಳಿದ್ದು ನಮ್ಮೂರ ಶಿವನಿಗೆ ಒಪ್ಪಿಗೆಯಾ?”

“ಶಿವ ಬ್ಯಾರೆ ಬ್ಯಾರೆ ಇದ್ದಾನೇನ ಲಕ್ಷ್ಮವ್ವಾ?”

“ಇಲ್ಲ ಅನ್ನಿ. ನೀರು ಬುಡಿಸಿ, ನೋಡಾಣ.”

ಶಾಂತಾದೇವಿ ತಾರಸಿಗೆ ಹೋಗಿ ಕೊಡ ಬಗ್ಗಿಸಿದಳು. ಲಕ್ಷ್ಮಮ್ಮ ಚಪ್ಪಡಿಯ ಸಂದಿಯನ್ನೇ ಬಗ್ಗಿ ನೋಡಿದಳು. ಹನಿಯೂ ಮೇಲೆ ಬರಲಿಲ್ಲ. ಕಾಂಪೌಂಡಿನ ಕಿಂಡಿಯ ಹೊರಗೆ ಮೋರಿಗೆ ನೀರು ಬಿದ್ದ ಸದ್ದು ಮಾತ್ರ ಕೇಳಿತು. ಚಪ್ಪಡಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

“ಅಪ್ಪಾ ನಾಗೇಶ್ವರ, ಕಾಣದ್ದು ದಾಟ್ತಿದ್ದೀನಿ. ತೆಪ್ಪಿದ್ರೆ ಈ ಕೊಟ್ಟೂರಮ್ಮನ ಹಿಡ್ಕೋ, ನನ್ನ ಬುಡು.”

“ಹಿಡಕೊಳ್ಳಲಿ ಬಾ. ನಾ ಎಲ್ಲಿ ಓಡಿಹೊಕ್ಕೀನಿ?”

ದಾಟಿದಳು. ಜಗುಲಿಯಲ್ಲಿ ಎಲೆ ತೊಳೆದಿಟ್ಟಿತ್ತು. ಕೂತವಳು ಮೊದಲು ಆಡಿದ್ದು ಸೊಸೆಯ ಸಮಾಚಾರ, ಪಿಸುದನಿಯಲ್ಲಿ.

ಹಸ್ತ ಮಳೆ ಸುರಿದ ದಿನ ಇಬ್ಬರೂ ಆ ಜಗುಲಿಯಲ್ಲೇ ಇದ್ದರು. ಮಳೆ ಹಿಡಿದುಕೊಂಡಿತು, ಲಕ್ಷ್ಮಮ್ಮ ಹೊರಡುವಂತಿರಲಿಲ್ಲ, ಹೊರಡುವ ಅವಸರವೂ ಕಾಣಲಿಲ್ಲ. ಓಣಿಯಲ್ಲಿ ನೀರಿನ ಕಂಬವಿಲ್ಲ, ಧುಮುಕುವ ಸಪ್ಪಳವಿಲ್ಲ. ಬಸವಲಿಂಗಮ್ಮ ಹಿಂದಕ್ಕೆ ಸರಿದು ಕೊಳವೆಗೆ ಬೆನ್ನು ಕೊಟ್ಟಳು. ಒಂದು ಗಳಿಗೆ ಬಿಟ್ಟು ತಲೆ ತಿರುಗಿಸಿ ಕಿವಿಯನ್ನು ಅದಕ್ಕೆ ಹಚ್ಚಿದಳು.

“ಬಾ ಇಲ್ಲಿ, ನೀನೂ ಕಿವಿ ಕೊಡು.”

ಲಕ್ಷ್ಮಮ್ಮ ಈಚೆಯಿಂದ ಕಿವಿ ಹಚ್ಚಿದಳು. ತಣ್ಣನೆಯ ಕಬ್ಬಿಣದೊಳಗೆ ನೀರು ಪಟಪಟ ಎಂದು ಬಡಿದುಕೊಳ್ಳುತ್ತ ಇಳಿಯುತ್ತಿತ್ತು.

“ಏನಂತಾನವ್ವಾ ಶಿವ?”

ಲಕ್ಷ್ಮಮ್ಮ ಇನ್ನಷ್ಟು ಹೊತ್ತು ಕೇಳಿದಳು.

“ನಿಮ್ಮೂರ ಮಾತು ಕಣಕ್ಕಯ್ಯ. ನಂಗೊಂದೂ ತಿಳಿಯಾಕಿಲ್ಲ” ಅಂದಳು. ಕಿವಿಯನ್ನು ಮಾತ್ರ ತೆಗೆಯಲಿಲ್ಲ.